ಕೆಡಹುವ ಗುತ್ತಿಗೆ: ಕೃಷ್ಣಾತೀರದ ಸ್ತೂಪಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧

ಕಟ್ಟಡಗಳನ್ನು ಕಟ್ಟಿಸಿದವರ ಚರಿತ್ರೆ ನಮ್ಮಲ್ಲಿ ಸಾಕಷ್ಟು ರಚಿತವಾಗಿದೆ. ದೇವಾಲಯ, ಬಸದಿ, ಕೆರೆ, ಕೋಟೆಗಳನ್ನು ಯಾರು, ಯಾವಾಗ, ಯಾವ ದತ್ತಿಯ ಬಲದಿಂದ ಕಟ್ಟಿಸಿದರೆಂಬುದನ್ನು ಶಾಸನಗಳೇ ಹೇಳುತ್ತವೆ. ಆದರೆ ಅವುಗಳನ್ನು ಕೆಡಹಿಸಿದವರ ಚರಿತ್ರೆ ಅಷ್ಟಾಗಿ ಬರೆಯಲ್ಪಟ್ಟಿಲ್ಲ. ಯುದ್ಧ, ದಾಳಿ, ಮತವೈರ ಮುಂತಾದ ಕಾರಣಗಳಿಂದ ಆದ ನಾಶದ ಬಗೆಗೆ ಚರ್ಚೆ ನಡೆದಿದೆಯಾದರೂ, ಯಾವ ವೈರವೂ ಇಲ್ಲದೆ, ಕೇವಲ ಇಟ್ಟಿಗೆ, ಕಲ್ಲು, ಮರಗಳ ಬೆಲೆಯ ಲೆಕ್ಕಾಚಾರದಿಂದ ನಡೆದ ಕೆಡಹುವಿಕೆಯನ್ನು ನಾವು ಚರಿತ್ರೆಯ ವಸ್ತುವೆಂದು ಪರಿಗಣಿಸಿರುವುದು ಕಡಿಮೆ. ವಾಸ್ತವವಾಗಿ ದಕ್ಷಿಣ ಭಾರತದ ಪ್ರಾಚೀನ ಕಟ್ಟಡಗಳಲ್ಲಿ ಅನೇಕವು ಅಳಿದದ್ದು ಹೀಗೆಯೇ.

ಪ್ರಸ್ತುತ ಲೇಖನದಲ್ಲಿ ವಿಜಯವಾಡದ ಸುತ್ತಲಿನ ಕೃಷ್ಣಾ ನದಿಯ ಮುಖಜಭೂಮಿಯನ್ನೂ ವಿಶಾಖಪಟ್ಟಣದ ಸುತ್ತಲಿನ ಬೆಟ್ಟಗಳನ್ನೂ ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವ ಉದ್ದೇಶವಿದೆ. ಕನ್ನಡ ಅಧ್ಯಯನದ ಪತ್ರಿಕೆಯಲ್ಲಿ ಆಂಧ್ರದೇಶದ ಸ್ತೂಪಗಳ ಮಾತೇಕೆ ಎಂದು ಓದುಗರು ಕೇಳಬಹುದು. ಇದಕ್ಕೆ ಎರಡು ಸಮಾಧಾನಗಳಿವೆ. ಒಂದು, ಕನ್ನಡದ ಆದ್ಯ ಕವಿಗಳ ಮನೆತನಗಳು ವೆಂಗಿಮಂಡಲದೊಡನೆ ಹೊಂದಿದ್ದ ಸಂಬಂಧ. ಪಂಪನ ಪೂರ್ವಿಕರು ವೆಂಗಿಮಂಡಲದವರು. ಛಂದೋಂಬುಧಿಯ ನಾಗವರ್ಮನ ಮೂಲವೂ ಅಲ್ಲಿಯದೇ. ದಾನಚಿಂತಾಮಣಿ ಅತ್ತಿಮಬ್ಬೆಯ ತವರಿನವರೂ ಆ ನಾಡಿನಿಂದ ಬಂದವರು. ಎರಡು, ಕೃಷ್ಣಾತೀರದ ಸ್ತೂಪಗಳ ನಾಶವನ್ನು ಕಣ್ಣಾರೆ ಕಂಡು ದಾಖಲಿಸಿದ ಮೂವರು ವಿದ್ವಾಂಸರೇ ಕರ್ನಾಟಕದ ಚರಿತ್ರೆಯ ಆಕರಗಳನ್ನೂ ಸಂಗ್ರಹಿಸಿದವರು. ಈ ಎರಡನೆಯ ಅಂಶಕ್ಕೆ ಮುಂದೆ ಬರುತ್ತೇವೆ.

೨

ಮೊದಲಿಗೆ ಪರಂಪರೆಯು ಕೆಡಹುವಿಕೆಯನ್ನು ಹೇಗೆ ಕಂಡಿತೆಂಬುದನ್ನು ಗಮನಿಸಬೇಕು. ಕನ್ನಡ ದಾನಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಪುನಃಪುನಃ ಬರುತ್ತದೆ. ಒಡೆದದ್ದನ್ನೂ ಬಿರುಕುಬಿಟ್ಟದ್ದನ್ನೂ ಸರಿಪಡಿಸಲು ಭೂಮಿಯ ಅಥವಾ ಸುಂಕದ ಆದಾಯವನ್ನು ಮೀಸಲಿಡುವ ಕ್ರಮವನ್ನು ಇದು ಸೂಚಿಸುತ್ತದೆ. ಕಟ್ಟಿದ ದಿನವೇ ಅದು ಒಂದು ದಿನ ಬಿರಿಯುವುದೆಂಬ ಅರಿವು, ಬಿರಿದಾಗ ಯಾರ ಹಣದಿಂದ ಸರಿಪಡಿಸಬೇಕೆಂಬ ವ್ಯವಸ್ಥೆ, ಇವೆರಡೂ ಆ ಒಂದು ಪಾರಿಭಾಷಿಕ ಪದದಲ್ಲಿವೆ. ಶಾಸನಗಳ ಕೊನೆಯ ಶಾಪಾಶಯಗಳು ಧರ್ಮವನ್ನು ಅಳಿದವನಿಗೆ ಪಾಪವನ್ನು ವಿಧಿಸುವುದೂ ಇದೇ ವ್ಯವಸ್ಥೆಯ ಮತ್ತೊಂದು ಮುಖ.

ಹಾಗೆಂದು ಪರಂಪರೆಯು ಕೆಡಹುವುದನ್ನೇ ನಿಷೇಧಿಸಿತೆಂದು ಭಾವಿಸಲಾಗದು. ಜೀರ್ಣೋದ್ಧಾರವೆಂದರೆ ಹಲವೊಮ್ಮೆ ಹಳೆಯ ಭಾಗವನ್ನು ಬಿಚ್ಚಿ ಹೊಸದನ್ನು ಕಟ್ಟುವುದೇ ಆಗಿತ್ತು. ಮಯಮತದಂಥ ವಾಸ್ತುಗ್ರಂಥದಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವಿದೆ. ಗರ್ಭಗೃಹದ ಕೆಲಸ ಹಿಡಿಯುವ ಮುನ್ನ 'ಬಾಲಾಲಯ'ವೆಂಬ ತಾತ್ಕಾಲಿಕ ನೆಲೆಯನ್ನು ರಚಿಸಿ, ದೇವತಾಸಾನ್ನಿಧ್ಯವನ್ನು ವಿಧಿಪೂರ್ವಕವಾಗಿ ಅಲ್ಲಿಗೆ ವರ್ಗಾಯಿಸಿ, ಕೆಲಸ ಮುಗಿದ ಮೇಲೆ ಹಿಂದಿರುಗಿಸುವ ಪದ್ಧತಿ ಇಂದಿಗೂ ದಕ್ಷಿಣದ ದೇವಾಲಯಗಳಲ್ಲಿ ಬಳಕೆಯಲ್ಲಿದೆ. ಇದನ್ನು ಕೇವಲ ಧಾರ್ಮಿಕ ವಿಧಿಯೆಂದು ಪಕ್ಕಕ್ಕಿಡುವುದು ಸರಿಯಲ್ಲ. ಕಟ್ಟಡದಲ್ಲಿ ಮುಖ್ಯವಾದುದು ಯಾವುದು, ಅದನ್ನು ಮೊದಲು ಎಲ್ಲಿ ಸುರಕ್ಷಿತವಾಗಿ ಇಡಬೇಕು, ಅನಂತರವೇ ಹಾರೆ ಹಾಕಬೇಕು ಎಂಬ ಕ್ರಮವಿವೇಕ ಅದರಲ್ಲಿದೆ. ಕೆಡಹುವುದಕ್ಕೆ ಮುನ್ನ ಸ್ಥಳಾಂತರ, ಸ್ಥಳಾಂತರಕ್ಕೆ ಮುನ್ನ ಗುರುತಿಸುವಿಕೆ: ಇದು ಆ ವಿಧಿಯ ತಿರುಳು.

ಇಲ್ಲಿ 'ಗುತ್ತಿಗೆ' ಎಂಬ ಪದದ ಬಗೆಗೂ ಒಂದು ಮಾತು. ವಿಜಯನಗರ ಕಾಲದ ಶಾಸನಗಳಲ್ಲಿ 'ಗುತ್ತಗೆ' ಎಂಬುದು ಮುಖ್ಯವಾಗಿ ಭೂಮಿಗೆ ಸಂಬಂಧಿಸಿದ, ಮೊದಲೇ ಗೊತ್ತುಪಡಿಸಿದ ಗೇಣಿಯ ಕರಾರನ್ನು ಸೂಚಿಸುತ್ತದೆ. ಗೊತ್ತುಪಡಿಸಿದ ಮೊತ್ತಕ್ಕೆ ಹೊಣೆಯನ್ನು ಮತ್ತೊಬ್ಬನಿಗೆ ವಹಿಸಿಕೊಡುವುದು ಅದರ ಅರ್ಥ. ಕಟ್ಟುವ ಕೆಲಸಕ್ಕೂ ಕೆಡಹುವ ಕೆಲಸಕ್ಕೂ ಈ ಪದ ಹರಡಿದ್ದು ಅನಂತರದ ಬೆಳವಣಿಗೆ. ಹೊಣೆಯೂ ಲಾಭವೂ ಒಬ್ಬನದೇ ಆದಾಗ ಏನಾಗುತ್ತದೆಂಬುದಕ್ಕೆ ಕೃಷ್ಣಾತೀರದ ಚರಿತ್ರೆ ಉತ್ತಮ ನಿದರ್ಶನ.

೩

ವಿಜಯವಾಡದಿಂದ ಪಶ್ಚಿಮಕ್ಕೆ, ಕೃಷ್ಣೆಯ ದಕ್ಷಿಣ ದಡದಲ್ಲಿ, ಪ್ರಾಚೀನ ಧಾನ್ಯಕಟಕದ ಮಹಾಸ್ತೂಪವಿದ್ದ ಅಮರಾವತಿ ಗ್ರಾಮವಿದೆ. ಇಂದು ಅದು ಪಲ್ನಾಡು ಜಿಲ್ಲೆಗೆ ಸೇರಿದೆ. ೨೦೧೫ರಲ್ಲಿ ಶಂಕುಸ್ಥಾಪನೆಯಾದ ರಾಜಧಾನಿಗೆ ಇದರ ಹೆಸರನ್ನೇ ಇಡಲಾಗಿದೆ. ಕ್ರಿಸ್ತಪೂರ್ವದಲ್ಲಿಯೇ ಆರಂಭವಾಗಿ ಸಾತವಾಹನರ ಕಾಲದಲ್ಲಿ ವಿಸ್ತಾರಗೊಂಡ ಈ ಸ್ತೂಪವು ಮಧ್ಯಯುಗದಲ್ಲಿಯೂ ಜೀವಂತವಾಗಿತ್ತೆಂಬುದಕ್ಕೆ ಆಧಾರಗಳಿವೆ. ೧೧೮೨ರ ಕೋಟ ಮನೆತನದ ಕೇತರಾಜನ ಶಾಸನ ಅಮರೇಶ್ವರ ದೇವಾಲಯದಲ್ಲಿಯೇ ಇದ್ದು, ಬುದ್ಧನಿಗೂ ದತ್ತಿಯನ್ನು ಹೇಳುತ್ತದೆ. ಶ್ರೀಲಂಕೆಯ ಗಡಲಾದೆಣಿಯ ೧೩೪೪ರ ಶಾಸನವು ಧರ್ಮಕೀರ್ತಿಯೆಂಬ ಸ್ಥವಿರನು ಧಾನ್ಯಕಟಕದಲ್ಲಿ ಪ್ರತಿಮಾಗೃಹವೊಂದನ್ನು ಜೀರ್ಣೋದ್ಧಾರ ಮಾಡಿಸಿದ ಸಂಗತಿಯನ್ನು ಸ್ಮರಿಸುತ್ತದೆ. ಅಂದರೆ ಹದಿನಾಲ್ಕನೆಯ ಶತಮಾನದ ಮಧ್ಯದವರೆಗೂ ಈ ಸ್ಥಳಕ್ಕೆ ದುರಸ್ತಿಯ ಹೊಣೆ ಹೊರುವವರಿದ್ದರು.

ಅಲ್ಲಿಂದ ಸುಮಾರು ನಾಲ್ಕೂವರೆ ಶತಮಾನಗಳ ಅನಂತರ ಅದೇ ಸ್ಥಳ ಕಲ್ಲಿನ ಗಣಿಯಾಗಿ ಬದಲಾಯಿತು. ಚಿಂತಪಲ್ಲಿಯ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ೧೭೯೦ರ ದಶಕದಲ್ಲಿ ತನ್ನ ನೆಲೆಯನ್ನು ಅಮರಾವತಿಗೆ ಬದಲಾಯಿಸಿ ಹೊಸ ಪಟ್ಟಣವನ್ನು ಕಟ್ಟಿಸತೊಡಗಿದನು. ಅದಕ್ಕೆ ಬೇಕಾದ ಇಟ್ಟಿಗೆ, ಕಲ್ಲುಗಳು ಸಮೀಪದ ದಿಬ್ಬದಲ್ಲಿ ಸಿದ್ಧವಾಗಿಯೇ ಇದ್ದವು. ಕೆಲಸಗಾರರು ದಿಬ್ಬವನ್ನು ಅಗೆದಾಗ ಶಿಲ್ಪಖಚಿತವಾದ ಸುಣ್ಣಶಿಲೆಯ ಫಲಕಗಳು ಹೊರಬಂದವು. ಅವುಗಳಲ್ಲಿ ಕೆಲವು ಕೊಳದ ಮೆಟ್ಟಿಲುಗಳಾದವು, ಕೆಲವು ಗೋಡೆಗಳಿಗೆ ಸೇರಿದವು, ಕೆಲವನ್ನು ಸುಟ್ಟು ಸುಣ್ಣ ಮಾಡಲಾಯಿತು. ಮುಂದೆ ಸ್ತೂಪದ ನಡುಭಾಗವನ್ನೇ ಕೊಳವನ್ನಾಗಿ ಅಗೆಸಲಾಯಿತು.

ಈ ಜಮೀನ್ದಾರನನ್ನು ಶಿಲ್ಪದ್ವೇಷಿಯೆಂದು ಚಿತ್ರಿಸುವುದು ನ್ಯಾಯವಲ್ಲ. ಆತ ದೇವಾಲಯಗಳಿಗೆ ಉದಾರವಾಗಿ ದತ್ತಿ ಕೊಟ್ಟವನು, ಪಟ್ಟಣವನ್ನು ಕಟ್ಟಿದವನು. ಅವನ ದೃಷ್ಟಿಯಲ್ಲಿ ದಿಬ್ಬವು ಯಾರಿಗೂ ಸೇರದ ಕಟ್ಟಡಸಾಮಗ್ರಿಯ ರಾಶಿ. ಇದೇ ಕಾಲದಲ್ಲಿ, ೧೭೯೪ರಲ್ಲಿ, ಕಾಶಿಯ ಜಗತ್‌ಸಿಂಗನು ಸಾರನಾಥದ ಧರ್ಮರಾಜಿಕ ಸ್ತೂಪವನ್ನು ಇಟ್ಟಿಗೆಗಾಗಿ ಕೆಡಹಿಸಿದನೆಂಬುದನ್ನು ಇಲ್ಲಿ ನೆನೆಯಬಹುದು. ಪರಸ್ಪರ ಸಂಬಂಧವಿಲ್ಲದ ಎರಡು ಸ್ಥಳಗಳಲ್ಲಿ, ಮೂರು ನಾಲ್ಕು ವರ್ಷಗಳ ಅಂತರದಲ್ಲಿ, ಒಂದೇ ಬಗೆಯ ಕಾರ್ಯ ನಡೆದಿದೆ. ಎರಡೂ ಕಡೆ ಹೊಸ ಪೇಟೆಯನ್ನು ಕಟ್ಟುವ ಉತ್ಸಾಹವಿತ್ತು. ಎರಡೂ ಕಡೆ ಹಳೆಯ ಕಟ್ಟಡಕ್ಕೆ ವಾರಸುದಾರರಿರಲಿಲ್ಲ. ಆದುದರಿಂದ ಇದನ್ನು ವ್ಯಕ್ತಿಯ ದೋಷವೆಂಬುದಕ್ಕಿಂತ ಕಾಲದ ಸ್ಥಿತಿಯೆಂದು ತಿಳಿಯುವುದು ಯುಕ್ತ.

೪

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ಪ್ರಕ್ರಿಯೆಗೆ ಹೊಸ ವೇಗ ಬಂದಿತು. ೧೮೫೨ರಿಂದ ೧೮೫೫ರವರೆಗೆ ಬೆಜವಾಡದಲ್ಲಿ, ಇಂದ್ರಕೀಲಾದ್ರಿಗೂ ಸೀತಾನಗರದ ಬೆಟ್ಟಕ್ಕೂ ನಡುವೆ, ಕೃಷ್ಣೆಗೆ ಅಡ್ಡಲಾಗಿ ಆಣೆಕಟ್ಟನ್ನು ನಿರ್ಮಿಸಲಾಯಿತು. ಆಣೆಕಟ್ಟಿನ ಹಿಂದೆಯೇ ಕಾಲುವೆಗಳು, ಅವುಗಳ ಮೇಲೆ ತೂಬುಗಳು, ಸೇತುವೆಗಳು, ದಡದ ರಸ್ತೆಗಳು ಬಂದವು. ಮುಖಜಭೂಮಿಯೆಂದರೆ ಮೆಕ್ಕಲುಮಣ್ಣಿನ ಬಯಲು. ಬೆಟ್ಟದಿಂದ ದೂರ ಸರಿದಂತೆಲ್ಲ ಕಲ್ಲು ದುರ್ಲಭ. ಇಂಥ ನೆಲದಲ್ಲಿ ಸುಟ್ಟ ಇಟ್ಟಿಗೆಯ ದೊಡ್ಡ ದಿಬ್ಬವೊಂದು ಇದ್ದರೆ ಅದು ಲೋಕೋಪಯೋಗಿ ಕೆಲಸದವರ ಕಣ್ಣಿಗೆ ಹೇಗೆ ಕಂಡಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಭಟ್ಟಿಪ್ರೋಲು ಮತ್ತು ಗುಡಿವಾಡ ಇದಕ್ಕೆ ಸಾಕ್ಷಿ. ಈಗ ಬಾಪಟ್ಲ ಜಿಲ್ಲೆಗೆ ಸೇರಿರುವ ಭಟ್ಟಿಪ್ರೋಲಿನ ಸ್ತೂಪದ ಅಂಡಭಾಗವನ್ನು ಕೆಡಹಿ ಇಟ್ಟಿಗೆಯನ್ನು ರಸ್ತೆಗೆ ಬಳಸಲಾಯಿತು. ಶಿಲಾಫಲಕಗಳು ವೆಲ್ಲಟೂರಿನ ಕಾಲುವೆಯ ತೂಬಿಗೆ ಹೋದವು. ಗುಡಿವಾಡದ ಸ್ತೂಪದ ಇಟ್ಟಿಗೆಯೂ ರಸ್ತೆಯ ಪಾಲಾಯಿತು. ಈ ದಿಬ್ಬಗಳಿಗೆ ಊರವರು ಕೊಟ್ಟಿದ್ದ 'ಲಂಜದಿಬ್ಬ' ಎಂಬ ಹೆಸರು ಗಮನಾರ್ಹ. ಸ್ಥಳದ ಮೂಲಸ್ವರೂಪ ಜನಮನದಿಂದ ಎಷ್ಟು ಪೂರ್ಣವಾಗಿ ಅಳಿಸಿಹೋಗಿತ್ತೆಂಬುದನ್ನು ಈ ಹೆಸರೇ ಹೇಳುತ್ತದೆ. ಹೆಸರು ಮೊದಲು ಅಳಿಯುತ್ತದೆ, ಕಟ್ಟಡ ಅನಂತರ ಅಳಿಯುತ್ತದೆ. ಇದೇ ಕಾಲದಲ್ಲಿ ಲಾಹೋರ್–ಮುಲ್ತಾನ್ ರೈಲುಮಾರ್ಗದ ಹಾಸಿಗೆಗೆ ಹರಪ್ಪದ ಇಟ್ಟಿಗೆಗಳನ್ನು ಸಾಗಿಸಿದ ವಿಷಯ ಎಲ್ಲರಿಗೂ ತಿಳಿದದ್ದೇ.

ಭಟ್ಟಿಪ್ರೋಲಿನ ಪ್ರಕರಣದಲ್ಲಿ ನಮಗೆ ವಿಶೇಷವಾಗಿ ತೋರುವ ಅಂಶವೊಂದಿದೆ. ರಸ್ತೆಗೆ ಬೇಕಾಗಿದ್ದುದು ಮೇಲಿನ ಇಟ್ಟಿಗೆ ಮಾತ್ರ. ನೆಲದ ಮಟ್ಟದವರೆಗೆ ಸುಲಭವಾಗಿ ಕೈಗೆ ಸಿಕ್ಕಷ್ಟನ್ನು ತೆಗೆದುಕೊಂಡು, ತಳಭಾಗವನ್ನು ಹಾಗೆಯೇ ಬಿಡಲಾಯಿತು. ೧೮೯೨ರಲ್ಲಿ ಅಲೆಕ್ಸಾಂಡರ್ ರೀ ಆ ಉಳಿದ ಭಾಗವನ್ನು ಅಗೆದಾಗ ಸ್ತೂಪದ ನಡುಗೂಡಿನಲ್ಲಿ ಧಾತುಕರಂಡಗಳೂ ಅವುಗಳ ಮೇಲೆ ಬರಹಗಳೂ ದೊರೆತವು. ಬ್ಯೂಲರ್ ಓದಿದ ಈ ಬರಹಗಳ ಬ್ರಾಹ್ಮಿಯು ದಕ್ಷಿಣದ ಲಿಪಿಗಳ ಚರಿತ್ರೆಯಲ್ಲಿ ಪ್ರತ್ಯೇಕ ಸ್ಥಾನ ಪಡೆದಿದೆ. ಕನ್ನಡ–ತೆಲುಗು ಲಿಪಿಗಳ ವಿಕಾಸವನ್ನು ಕುರಿತ ಯಾವ ಚರ್ಚೆಯೂ ಭಟ್ಟಿಪ್ರೋಲನ್ನು ಬಿಟ್ಟು ಮುಂದುವರಿಯಲಾರದು. ರಸ್ತೆಗೆ ಇನ್ನಷ್ಟು ಇಟ್ಟಿಗೆ ಬೇಕಾಗಿದ್ದರೆ, ಅಥವಾ ನೆಲದ ಕೆಳಗಣ ಇಟ್ಟಿಗೆ ಅಗೆಯಲು ಸುಲಭವಾಗಿದ್ದರೆ, ಈ ಲಿಪಿಸಾಕ್ಷ್ಯ ನಮಗೆ ದಕ್ಕುತ್ತಿರಲಿಲ್ಲ. ಭಾಗವನ್ನು ಮಾತ್ರ ಕೆಡಹಿದ್ದರಿಂದ ಉಳಿದದ್ದು ನಮ್ಮ ಲಿಪಿಚರಿತ್ರೆಯ ಒಂದು ಅಧ್ಯಾಯ. ಆದರೆ ಅದು ಯಾರದೋ ವಿವೇಕದಿಂದ ಉಳಿದುದಲ್ಲ, ಕೂಲಿಯ ಲೆಕ್ಕದಿಂದ ಉಳಿದುದು ಎಂಬುದನ್ನು ಮರೆಯುವಂತಿಲ್ಲ.

೫

ಈ ನಾಶದ ನಡುವೆಯೇ ದಾಖಲೆಯ ಕಾರ್ಯವೂ ನಡೆಯಿತು. ಕಾಲಿನ್ ಮೆಕೆಂಝಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಮರಾವತಿಗೆ ಮೊದಲ ಬಾರಿ ಬಂದು, ಕಂಡುದನ್ನು ೧೮೦೭ರಲ್ಲಿ ಪ್ರಕಟಿಸಿದನು. ೧೮೧೬ರಲ್ಲಿ ಮತ್ತೆ ಬಂದಾಗ ತನ್ನ ತಂಡದವರಿಂದ ಫಲಕಗಳ ಚಿತ್ರಗಳನ್ನೂ ಸ್ತೂಪದ ನಕಾಶೆಯನ್ನೂ ಬರೆಯಿಸಿದನು. ಅವನು ಚಿತ್ರಿಸಿದ ಫಲಕಗಳಲ್ಲಿ ಅನೇಕವು ಅನಂತರ ಕಾಣೆಯಾದವು; ಇಂದು ಅವುಗಳಿಗೆ ಉಳಿದಿರುವುದು ಆ ಚಿತ್ರಗಳೇ. ಈ ಮೆಕೆಂಝಿಯೇ ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಸರ್ವೇಕ್ಷಣೆ ನಡೆಸಿ, ಕನ್ನಡ ಕೈಫಿಯತ್ತುಗಳ ಬೃಹತ್ ಸಂಗ್ರಹಕ್ಕೆ ಕಾರಣನಾದವನು. ಅವನ ಸಹಾಯಕರಲ್ಲಿ ಏಲೂರಿನ ಕಾವಲಿ ಸೋದರರೂ ಇದ್ದರು, ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೂ ಇದ್ದನು. ಕೃಷ್ಣಾತೀರವೂ ಕಾವೇರಿತೀರವೂ ಒಂದೇ ದಾಖಲೆಯ ವ್ಯವಸ್ಥೆಯಲ್ಲಿ ಕೂಡಿದ್ದು ಹೀಗೆ.

ಎರಡನೆಯವನು ವಾಲ್ಟರ್ ಎಲಿಯಟ್. ಧಾರವಾಡದ ಕಡೆ ಅಧಿಕಾರಿಯಾಗಿದ್ದ ಈತ ೧೮೨೪ರ ಕಿತ್ತೂರಿನ ಸಂಘರ್ಷದಲ್ಲಿ ರಾಣಿ ಚೆನ್ನಮ್ಮನವರ ಕಡೆಯವರ ಸೆರೆಯಲ್ಲಿದ್ದವನು. ಅನಂತರದ ವರ್ಷಗಳಲ್ಲಿ ಕನ್ನಡನಾಡಿನ ೫೯೫ ಶಾಸನಗಳ ಪ್ರತಿಗಳನ್ನು ಮಾಡಿಸಿ, ೧೮೩೭ರಲ್ಲಿ ಚಾಲುಕ್ಯರ ಚರಿತ್ರೆಯ ಮೊದಲ ಚೌಕಟ್ಟನ್ನು ಪ್ರಕಟಿಸಿದನು. ೧೮೪೫ರಲ್ಲಿ ಗುಂಟೂರಿಗೆ ಬಂದು, ಮುಂದೆ ವಿಶಾಖಪಟ್ಟಣವನ್ನೂ ಒಳಗೊಂಡ ಉತ್ತರ ಸರ್ಕಾರುಗಳ ಕಮಿಷನರ್ ಆಗಿದ್ದ ಈತ ಅಮರಾವತಿಯಲ್ಲಿ ಉತ್ಖನನ ನಡೆಸಿ ಫಲಕಗಳನ್ನು ಮದರಾಸಿಗೆ ಕಳುಹಿಸಿದನು. ಅಲ್ಲಿ ಅವು ವರ್ಷಗಟ್ಟಲೆ ಬಯಲಿನಲ್ಲಿ ಬಿದ್ದಿದ್ದವು. ೧೮೫೯ರಲ್ಲಿ ಲಂಡನ್ನಿಗೆ ಹಡಗಿನಲ್ಲಿ ಹೋದವನ್ನು ಕೆಲವು ವರ್ಷಗಳ ಅನಂತರ ಫರ್ಗುಸನ್ ಬಂಡಿಮನೆಯೊಂದರಲ್ಲಿ ಮತ್ತೆ ಪತ್ತೆಹಚ್ಚಬೇಕಾಯಿತು. ೧೮೮೦ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಂ ಸೇರಿದವು.

ಮೂರನೆಯವನು ರಾಬರ್ಟ್ ಸಿವೆಲ್. ವಿಜಯನಗರ ಚರಿತ್ರೆಯ ೧೯೦೦ರ ಗ್ರಂಥದಿಂದ ಕನ್ನಡಿಗರಿಗೆ ಚಿರಪರಿಚಿತನಾದ ಈತ ೧೮೭೭ರಲ್ಲಿ ಅಮರಾವತಿಯ ಒಂದು ಭಾಗವನ್ನು ಅಗೆದನು. ೧೮೮೭ರಲ್ಲಿ ಬೆಜವಾಡದ ವಿಕ್ಟೋರಿಯಾ ಜ್ಯುಬಿಲಿ ವಸ್ತುಸಂಗ್ರಹಾಲಯಕ್ಕೆ, ಎಂದರೆ ಇಂದಿನ ಬಾಪು ವಸ್ತುಸಂಗ್ರಹಾಲಯಕ್ಕೆ, ಅಡಿಗಲ್ಲನ್ನಿಟ್ಟವನೂ ಈತನೇ.

ಇವರ ಕಾರ್ಯವನ್ನು ಹೊಗಳಿ ಸುಮ್ಮನಾಗುವುದು ನಮ್ಮ ಉದ್ದೇಶವಲ್ಲ. ದಾಖಲೆಯ ಹೆಸರಿನಲ್ಲಿಯೂ ನಾಶ ನಡೆದಿದೆ. ೧೮೮೦ರಲ್ಲಿ ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಆದೇಶದಂತೆ ಅಮರಾವತಿಯ ಇಡೀ ದಿಬ್ಬವನ್ನು ತೆರವು ಮಾಡಲಾಯಿತು. ಉದ್ದೇಶ ಒಳ್ಳೆಯದೇ, ಫಲಕಗಳನ್ನು ಹೊರತೆಗೆದು ರಕ್ಷಿಸಬೇಕೆಂಬುದು. ಆದರೆ ೧೮೮೧–೮೨ರಲ್ಲಿ ಬರ್ಜೆಸ್ ಅಲ್ಲಿಗೆ ಬಂದಾಗ ಕಂಡದ್ದು ದೊಡ್ಡದೊಂದು ಹೊಂಡ ಹಾಗೂ ಅದರ ಸುತ್ತ ಇಟ್ಟಿದ್ದ ಕಲ್ಲುಗಳು. ಯಾವ ಫಲಕ ಯಾವ ಸ್ಥಾನದಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂಬ ವಿವರ ಬಹುಮಟ್ಟಿಗೆ ಕಳೆದುಹೋಗಿತ್ತು. ಜಮೀನ್ದಾರನ ಕೆಲಸಗಾರರು ಕಲ್ಲನ್ನು ಒಯ್ದು ಸ್ಥಾನವನ್ನು ನಾಶಮಾಡಿದರು. ಸರ್ಕಾರದ ಕೆಲಸಗಾರರು ಕಲ್ಲನ್ನು ಉಳಿಸಿಯೂ ಸ್ಥಾನವನ್ನು ನಾಶಮಾಡಿದರು. ಮಾಲಿನ ಲೆಕ್ಕವಿದ್ದು ಸ್ಥಾನದ ಲೆಕ್ಕವಿಲ್ಲದಿದ್ದರೆ ಎರಡರ ಫಲವೂ ಹೆಚ್ಚು ಭಿನ್ನವಾಗುವುದಿಲ್ಲ.

೬

ವಿಶಾಖಪಟ್ಟಣದ ಕಡೆಯ ಬೌದ್ಧನೆಲೆಗಳ ಗತಿ ಬೇರೆಯಾಯಿತು. ಅನಕಾಪಲ್ಲಿಯ ಬಳಿಯ ಸಂಕರಂ ಬೆಟ್ಟದ ಸ್ತೂಪಗಳಲ್ಲಿ ಬಹುಪಾಲು ಬಂಡೆಯಲ್ಲಿಯೇ ಕಡೆದವು. ಅವನ್ನು ಗಾಡಿಗೆ ತುಂಬಿ ಒಯ್ಯಲು ಬರುವುದಿಲ್ಲ. ರೀ ೧೯೦೭ರ ಸುಮಾರಿಗೆ ಅಲ್ಲಿ ಉತ್ಖನನ ನಡೆಸಿದನು. ಭೀಮುನಿಪಟ್ಟಣದ ದಾರಿಯ ಬಾವಿಕೊಂಡ, ತೊಟ್ಲಕೊಂಡಗಳು ಸಮುದ್ರಕ್ಕೆ ಮುಖಮಾಡಿದ ಬೆಟ್ಟದ ನೆತ್ತಿಯಲ್ಲಿವೆ. ತೊಟ್ಲಕೊಂಡವು ಬೆಳಕಿಗೆ ಬಂದುದು ೧೯೭೬ರಲ್ಲಿ ನೌಕಾದಳದ ಆಕಾಶ ಸಮೀಕ್ಷೆಯ ಸಂದರ್ಭದಲ್ಲಿ. ಉತ್ಖನನ ನಡೆದುದು ೧೯೮೮ರಿಂದ ೧೯೯೩ರವರೆಗೆ. ಕಾಲುವೆಯಾಗಲಿ ದೊಡ್ಡ ರಸ್ತೆಯಾಗಲಿ ಏರದ ಬೆಟ್ಟಗಳಿವು. ಇಳಿಸುವ ಖರ್ಚು ಇಟ್ಟಿಗೆಯ ಬೆಲೆಯನ್ನು ಮೀರುತ್ತಿದ್ದುದರಿಂದಲೇ ಇವು ಗುತ್ತಿಗೆಯ ಕಣ್ಣಿಗೆ ಬೀಳಲಿಲ್ಲವೆಂದು ನಾವು ಊಹಿಸುತ್ತೇವೆ. ಆದರೆ ಕೆಡಹದೆ ಉಳಿದದ್ದು ತಾನಾಗಿಯೇ ನಿಲ್ಲುವುದಿಲ್ಲ. ೨೦೧೯ರ ಅಕ್ಟೋಬರ್ ತಿಂಗಳ ಭಾರಿ ಮಳೆಯಲ್ಲಿ ತೊಟ್ಲಕೊಂಡದ ಮಹಾಸ್ತೂಪದ ಭಾಗ ಕುಸಿದುದು ಇದಕ್ಕೆ ನಿದರ್ಶನ. ಖಂಡಸ್ಫುಟಿತಕ್ಕೆ ದತ್ತಿಯಿಟ್ಟ ಹಿರಿಯರ ವಿವೇಕ ಇಲ್ಲಿ ಮತ್ತೆ ನೆನಪಾಗುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಸಮಾನವಾದ ನಿದರ್ಶನ ಭೀಮಾತೀರದ ಸನ್ನತಿ. ೧೯೮೬ರಲ್ಲಿ ಅಲ್ಲಿಯ ಕಾಳಿಕಾ ಗುಡಿಯ ಮಾಳಿಗೆ ಕುಸಿದು, ತೆರವುಗೊಳಿಸುವಾಗ ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡುಬಂದಿತು. ಹಿಂದೊಮ್ಮೆ ಯಾರೋ ಶಾಸನದ ಬಂಡೆಯನ್ನು ಪೀಠಕ್ಕೆ ತಕ್ಕಂತೆ ಕೊರೆದಿದ್ದರು. ಅದೇ ಬಳಕೆ ಅದನ್ನು ಶತಮಾನಗಳ ಕಾಲ ಕಾಪಾಡಿತ್ತು. ೧೯೯೪ರಿಂದ ಸಮೀಪದ ಕನಗನಹಳ್ಳಿಯಲ್ಲಿ ನಡೆದ ಉತ್ಖನನದಲ್ಲಿ ಅಮರಾವತಿಯ ಶೈಲಿಗೆ ಹತ್ತಿರವಾದ ಸ್ತೂಪವೂ, ಅಶೋಕನ ಹೆಸರನ್ನು ಕೊರೆದಿರುವ ಅವನ ಶಿಲ್ಪವೂ ದೊರೆತವು. ಅಮರಾವತಿಯ ಫಲಕಗಳು ಲಂಡನ್, ಚೆನ್ನೈ ಮುಂತಾಗಿ ಹಂಚಿಹೋದವು; ಕನಗನಹಳ್ಳಿಯವು ಬಿದ್ದ ಸ್ಥಾನದಲ್ಲಿಯೇ ದೊರೆತವು. ಹೀಗಾಗಿ ಅಮರಾವತಿ ಕಳೆದುಕೊಂಡ ಕೆಲವು ಪ್ರಶ್ನೆಗಳಿಗೆ ಕನಗನಹಳ್ಳಿಯಲ್ಲಿ ಉತ್ತರ ಹುಡುಕುವುದು ಸಾಧ್ಯವಾಗಿದೆ.

ಕಲ್ಲು ತನ್ನ ಸ್ಥಾನದಲ್ಲಿರುವುದರ ಮಹತ್ವಕ್ಕೆ ವಿಜಯವಾಡದಲ್ಲಿಯೇ ಮತ್ತೊಂದು ಉದಾಹರಣೆಯಿದೆ. ಇಂದ್ರಕೀಲಾದ್ರಿಯ ಮಲ್ಲೇಶ್ವರ ದೇವಾಲಯದ ಕಂಬವೊಂದರ ಮೇಲೆ ಚಾಲುಕ್ಯ ಯುದ್ಧಮಲ್ಲನ ತೆಲುಗು ಪದ್ಯಶಾಸನವಿದೆ. ಕುಮಾರಸ್ವಾಮಿಯ ಗುಡಿಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ಈ ಪದ್ಯಗಳು ಮಧ್ಯಾಕ್ಕರ ಛಂದಸ್ಸಿನಲ್ಲಿವೆ. ನಾಗವರ್ಮನು ಛಂದೋಂಬುಧಿಯಲ್ಲಿ ಹೇಳುವ ಅಕ್ಕರಗಳ ಕುಟುಂಬಕ್ಕೆ ಇದು ನೇರ ಸಂಬಂಧಿ. ಕನ್ನಡ, ತೆಲುಗು ದೇಸೀ ಛಂದಸ್ಸುಗಳು ಹಂಚಿಕೊಂಡ ಮೂಲವನ್ನು ಕುರಿತ ವಾದಕ್ಕೆ ಈ ಒಂದು ಕಂಬ ಆಧಾರಶಿಲೆ. ಯಾವುದೋ ಒಂದು ಕಾಲದಲ್ಲಿ ಅದು ತೂಬಿನ ಅಡ್ಡಗಲ್ಲಾಗಿದ್ದರೆ, ಆ ವಾದವು ಆಧಾರವಿಲ್ಲದ ಊಹೆಯಾಗಿಯೇ ಉಳಿಯುತ್ತಿತ್ತು.

೭

ಈ ಚರಿತ್ರೆ ಮುಗಿದುದಲ್ಲ. ಆಣೆಕಟ್ಟು ಕೂಡ ಕಾಲಕ್ರಮದಲ್ಲಿ ಹಳೆಯ ಕಟ್ಟಡವೇ ಆಯಿತು. ೧೯೫೨ರಲ್ಲಿ ಅದು ಒಡೆದ ಮೇಲೆ, ೧೯೫೭ರಲ್ಲಿ ಪ್ರಕಾಶಂ ಬ್ಯಾರೇಜ್ ಅದರ ಹೊಣೆಯನ್ನು ವಹಿಸಿಕೊಂಡಿತು. ೨೦೧೬ರ ಕೃಷ್ಣಾ ಪುಷ್ಕರಕ್ಕೆ ಮುನ್ನ ವಿಜಯವಾಡದಲ್ಲಿ ರಸ್ತೆ ಅಗಲಿಸುವ ಸಲುವಾಗಿ ಹಲವು ಗುಡಿಗಳನ್ನು ತೆರವುಗೊಳಿಸಲಾಯಿತು. ಅವುಗಳಲ್ಲಿ ಕೆಲವನ್ನು ಮತ್ತೆ ಕಟ್ಟಲು ೨೦೨೧ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ಐದು ವರ್ಷಗಳೊಳಗೆ ಕೆಡಹುವುದೂ ಕಟ್ಟುವುದೂ ಒಂದೇ ನಗರದಲ್ಲಿ ಸಂಭವಿಸಿದ ಈ ಪ್ರಕರಣ ಮುಂದಿನ ಚರಿತ್ರಕಾರನಿಗೆ ಒಳ್ಳೆಯ ವಸ್ತು.

ಇವೆಲ್ಲ ಸಾರ್ವಜನಿಕ ಕಟ್ಟಡಗಳ ಮಾತು. ಖಾಸಗಿ ಮನೆಗಳ ವಿಷಯದಲ್ಲಿ ಕೆಡಹುವಿಕೆ ಸದ್ದಿಲ್ಲದೆ ನಡೆಯುತ್ತದೆ. ಕರಾವಳಿಯ ಹಳೆಯ ಪೇಟೆಗಳಲ್ಲಿ ತೇಗದ ತೊಲೆ, ಅವುಗಳ ಮೇಲೆ ಅಂಚಿಗೆ ನಿಲ್ಲಿಸಿದ ಇಟ್ಟಿಗೆ, ಸುಣ್ಣದ ಗಾರೆ ಇರುವ ಮದರಾಸು ತಾರಸಿಯ ಮನೆಗಳಿವೆ. ಪಾಲುಪಟ್ಟಿಯಾದಾಗ ಒಬ್ಬ ಸೋದರನು ತನ್ನ ಭಾಗವನ್ನು ಕೆಡಹಿಸಿ ಹೊಸದನ್ನು ಕಟ್ಟಲು ಗುತ್ತಿಗೆದಾರನನ್ನು ಕರೆಯುತ್ತಾನೆ. ಸಾಮಾನ್ಯವಾಗಿ ಕರಾರು ಎರಡು ಬಗೆಯದು. ಮೊದಲನೆಯದರಲ್ಲಿ ಮಾಲೀಕನು ಕೂಲಿ ಕೊಡುತ್ತಾನೆ, ಸಾಮಗ್ರಿ ಅವನದೇ. ಎರಡನೆಯದರಲ್ಲಿ ಸಾಮಗ್ರಿಯೇ ಗುತ್ತಿಗೆದಾರನಿಗೆ ಕೂಲಿ. ತೇಗ, ಬಾಗಿಲು, ಕಬ್ಬಿಣ ಚೆನ್ನಾಗಿದ್ದರೆ ಅವನೇ ಮಾಲೀಕನಿಗೆ ಹಣ ಕೊಡುತ್ತಾನೆ. ಎರಡನೆಯದು ಮಾಲೀಕನಿಗೆ ಲಾಭದಾಯಕವಾಗಿ ಕಾಣುತ್ತದೆ. ಆದರೆ ಮೇಲೆ ವಿವೇಚಿಸಿದ ಎಲ್ಲ ನಾಶಗಳ ಮೂಲದಲ್ಲಿರುವುದು ಈ ಎರಡನೆಯ ತರ್ಕವೇ ಎಂಬುದು ಗಮನಾರ್ಹ. ಸಾಮಗ್ರಿಯೇ ಕೂಲಿಯಾದಾಗ ಬೇಗ ಕೆಡಹುವುದು, ಹೆಚ್ಚು ಕೆಡಹುವುದು, ಬೆಲೆಯಿಲ್ಲದುದನ್ನು ಪುಡಿಮಾಡುವುದು ಕೆಡಹುವವನ ಹಿತಕ್ಕೆ ಸರಿಹೊಂದುತ್ತದೆ. ಅಕ್ಷರವಿರುವ ಕಲ್ಲಿಗೆ ಪೇಟೆಯಲ್ಲಿ ಬೆಲೆಯಿಲ್ಲ.

ಕಟ್ಟಡದ ಒಂದು ಭಾಗವನ್ನು ಮಾತ್ರ ಕೆಡಹುವಾಗ ಉಳಿಯುವ ಭಾಗಕ್ಕೆ ಅಪಾಯ ಹೆಚ್ಚು. ಒಂದೇ ತೊಲೆ ಎರಡು ಕೋಣೆಗಳನ್ನು ದಾಟಿರುತ್ತದೆ. ನಡುಗೋಡೆ ಎರಡು ಮನೆಗಳ ಭಾರವನ್ನು ಹೊತ್ತಿರುತ್ತದೆ. ಕೆಡಹುವ ಕೆಲಸದ ಸುರಕ್ಷತೆಯನ್ನು ಕುರಿತ ಭಾರತೀಯ ಮಾನಕ ೪೧೩೦, ಉಳಿಯುವ ಗೋಡೆಗಳಿಗೆ ಮೊದಲು ಆಸರೆ ಕೊಡುವುದನ್ನೂ, ಕಟ್ಟಿದ ಕ್ರಮಕ್ಕೆ ವಿಲೋಮವಾಗಿ ಮೇಲಿನಿಂದ ಕೆಳಕ್ಕೆ ಬಿಚ್ಚುತ್ತ ಬರುವುದನ್ನೂ ಹೇಳುತ್ತದೆ. ವಿಲೋಮಕ್ರಮದಲ್ಲಿ ಬಿಚ್ಚಬೇಕಾದರೆ ಕಟ್ಟಿದ ಕ್ರಮ ತಿಳಿದಿರಬೇಕು. ಅದನ್ನು ತಿಳಿಯುವುದೇ ಕಟ್ಟಡದ ಚರಿತ್ರೆ. ಹೀಗೆ ಸುರಕ್ಷತೆಯ ನಿಯಮವೂ ಸಂಶೋಧನೆಯ ಅಗತ್ಯವೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ.

೮

ಈವರೆಗಿನ ವಿವೇಚನೆಯಿಂದ ಕೆಲವು ನಿರ್ಣಯಗಳನ್ನು ಹೇಳಬಹುದು. ಹಳೆಯ ಕಟ್ಟಡಗಳನ್ನೆಲ್ಲ ಉಳಿಸಬೇಕೆಂದು ಯಾರೂ ವಾದಿಸಲಾರರು. ವಾಸಿಸುವವರಿಗೆ ಜಾಗ ಬೇಕು, ಬೆಳೆಗೆ ನೀರು ಬೇಕು, ನಡೆಯಲು ರಸ್ತೆ ಬೇಕು. ಕೃಷ್ಣೆಯ ಕಾಲುವೆಗಳು ಲಕ್ಷಾಂತರ ಜನರಿಗೆ ಅನ್ನವಿತ್ತಿವೆ. ಭಟ್ಟಿಪ್ರೋಲಿನ ಇಟ್ಟಿಗೆಗಾಗಿ ಆ ಕಾಲುವೆಗಳನ್ನು ಹಳಿಯುವುದು ವಿವೇಕವಲ್ಲ. ಕೆಡಹಬೇಕೆ ಎಂಬ ಪ್ರಶ್ನೆಯಷ್ಟೇ ಮುಖ್ಯವಾದುದು ಯಾವ ಕರಾರಿನ ಮೇಲೆ ಕೆಡಹಬೇಕೆಂಬ ಪ್ರಶ್ನೆ.

೧೯೦೪ರ ಕಾಯಿದೆಯಾಗಲಿ ೧೯೫೮ರ ಕಾಯಿದೆಯಾಗಲಿ ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳನ್ನು ಕಾಪಾಡುವಂಥವು. ಘೋಷಿತವಾಗದ ಮನೆ, ಮಠ, ಛತ್ರ, ಮಂಟಪಗಳ ಭವಿಷ್ಯ ಮಾಲೀಕನೂ ಗುತ್ತಿಗೆದಾರನೂ ಬರೆದುಕೊಳ್ಳುವ ಒಂದು ಕಾಗದದ ಮೇಲೆ ನಿಂತಿದೆ. ಆ ಕಾಗದದಲ್ಲಿ ಮೂರು ಮಾತುಗಳು ಸೇರಿದರೆ ಸಾಕೆಂದು ನಮ್ಮ ಅಭಿಪ್ರಾಯ. ಕೆಲಸ ಆರಂಭವಾಗುವ ಮುನ್ನ ಅಳತೆಯ ನಕಾಶೆಯೂ ಛಾಯಾಚಿತ್ರಗಳೂ ಸಿದ್ಧವಾಗಬೇಕು. ಮೆಕೆಂಝಿಯ ಚಿತ್ರಗಾರರು ಮಾಡಿದುದು ಇದನ್ನೇ. ಕೂಲಿಯನ್ನು ಹಣದಲ್ಲಿ ಕೊಟ್ಟು ಸಾಮಗ್ರಿಯ ಹಕ್ಕನ್ನು ಮಾಲೀಕನು ತನ್ನಲ್ಲಿಯೇ ಇಟ್ಟುಕೊಳ್ಳಬೇಕು. ಅಕ್ಷರವಾಗಲಿ ಶಿಲ್ಪವಾಗಲಿ ಇರುವ ಕಲ್ಲು ಕಂಡಲ್ಲಿ ಕೆಲಸ ನಿಲ್ಲಿಸಿ, ಅದರ ಸ್ಥಾನವನ್ನು ಗುರುತಿಸಿದ ಮೇಲೆಯೇ ಕದಲಿಸಬೇಕು. ಪುರಾತತ್ತ್ವ ಇಲಾಖೆಗೆ ಸುದ್ದಿ ಮುಟ್ಟಿಸುವುದೂ ಈ ಮೂರನೆಯದರಲ್ಲಿಯೇ ಅಡಕವಾಗಿದೆ.

ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರಿಗೆ ಇಲ್ಲಿ ನಿರ್ದಿಷ್ಟವಾದ ಕೆಲಸವಿದೆ. ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಹರಡಿರುವ ಕನ್ನಡ ಶಾಸನಗಳಲ್ಲಿ ಎಷ್ಟೋ ಈಗಾಗಲೇ ಪ್ರಕಟವಾಗಿವೆ. ಆದರೆ ಪ್ರಕಟಣೆಯ ಕಾಲದಲ್ಲಿ ಅವು ಇದ್ದ ಗೋಡೆ, ಕಂಬ, ಮೆಟ್ಟಿಲುಗಳಲ್ಲಿ ಇಂದಿಗೂ ಇವೆಯೇ ಎಂಬುದನ್ನು ಸ್ಥಳಕ್ಕೆ ಹೋಗಿಯೇ ಪರೀಕ್ಷಿಸಬೇಕು. ತಾವಿರುವ ಊರಿನ ಸುತ್ತಲಿನ ಹತ್ತು ಶಾಸನಗಳನ್ನಾದರೂ ಒಬ್ಬೊಬ್ಬರು ಮರುಪರಿಶೀಲಿಸಿ, ಇದ್ದರೆ ಯಾವ ಸ್ಥಿತಿಯಲ್ಲಿದೆ, ಇಲ್ಲದಿದ್ದರೆ ಕಟ್ಟಡ ಯಾವಾಗ ಕೆಡಹಲ್ಪಟ್ಟಿತು, ಕಲ್ಲು ಎಲ್ಲಿಗೆ ಹೋಯಿತು ಎಂಬಷ್ಟನ್ನು ಬರೆದಿಟ್ಟರೂ ಅದು ಉಪಯುಕ್ತ ದಾಖಲೆಯಾಗುತ್ತದೆ. ಎಲಿಯಟ್ ಮಾಡಿಸಿದ ೫೯೫ ಪ್ರತಿಗಳ ಮೂಲಶಿಲೆಗಳಿಗೂ ಇಂಥ ಮರುಪರಿಶೀಲನೆ ನಡೆಯಬೇಕಾಗಿದೆ. ಆ ಕೆಲಸಕ್ಕೆ ಬೇಕಾದುದು ಒಂದು ಅಳತೆಪಟ್ಟಿ, ಒಂದು ಕ್ಯಾಮೆರಾ, ಊರವರೊಡನೆ ಮಾತನಾಡುವ ತಾಳ್ಮೆ. ಗುತ್ತಿಗೆದಾರನ ಆಳುಗಳು ಬರುವ ಮುನ್ನ ಅದು ಮುಗಿದಿರಬೇಕು.